ನಡುವಿನ ಟ್ರೇಯ ರಾಜಗಿರಿ

ನನ್ನ ಸಿಟ್ಟಿನ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಅದು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಸಿಟ್ಟು ಬಂತೆಂದರೆ ನನಗೆ ಮೊದಲು ಬೇಕಾಗುವುದು ಒಬ್ಬ ತಪ್ಪಿತಸ್ಥ. ಹಾಲು ಉಕ್ಕಿದರೆ ಒಲೆಯ ತಪ್ಪು, ರೊಟ್ಟಿ ಹರಿದರೆ ಗಿರಣಿಯವನ ತಪ್ಪು. ನನ್ನ ಗಂಡ ಇದಕ್ಕೆ ಎಂದೋ ಹೊಂದಿಕೊಂಡಿದ್ದಾರೆ. ನಾನು ಬಾಯಿ ತೆಗೆಯುವ ಮೊದಲೇ "ಆತು, ನಂದ ತಪ್ಪ, ಚಾ ಕೊಡು" ಎನ್ನುತ್ತಾರೆ. ಕೇಳಿದವರು ನಗುತ್ತಾರೆ. ನಾನು ಈಗ ಬರೆಯಹೊರಟಿರುವುದು ನಗುವ ಸಂಗತಿಯಲ್ಲ.

ಬೆಟಗೇರಿಯ ನಮ್ಮ ಮನೆಯಲ್ಲಿರುವವರು ಮೂವರು: ನಾನು, ನನ್ನ ಗಂಡ, ಅವರ ತಾಯಿ. ಹೊಲ ಬಾಳೆಹೊಸೂರಿನಲ್ಲಿದೆ, ಪಾಲಿಗೆ ಕೊಟ್ಟಿದ್ದೇವೆ. ಅತ್ತೆಯ ತವರು ಹೊಳೆದಂಡೆಯ ಕೊರ್ಲಹಳ್ಳಿ. ಅವರಿಗೆ ಎಂಬತ್ತು ದಾಟಿದೆ. ಏಳೆಂಟು ವರ್ಷಗಳ ಹಿಂದೆ ಕಣ್ಣಿನ ನರ ಒಣಗುತ್ತ ಬಂದು, ಈಗ ಅವರಿಗೆ ಬೆಳಕು ಯಾವ ಕಡೆ ಇದೆ ಎಂಬುದಷ್ಟೇ ತಿಳಿಯುತ್ತದೆ. ಕಣ್ಣು ಹೋದ ಮೇಲೂ ಅವರು ಒಂದು ಕೆಲಸವನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಅದು ಪಲ್ಯ ಸೋಸುವ ಕೆಲಸ.

ನಮ್ಮ ಕಡೆ ಸೊಪ್ಪಿಗೆ ಪಲ್ಯ ಎನ್ನುತ್ತೇವೆ. ಹಸಿಯದೂ ಪಲ್ಯವೇ, ಬೆಂದದ್ದೂ ಪಲ್ಯವೇ. ರೊಟ್ಟಿಯ ಜೊತೆ ತಟ್ಟೆಯ ಅಂಚಿಗೆ ಒಂದಿಷ್ಟು ಹಸಿ ಮೆಂತೆ, ಉಳ್ಳಾಗಡ್ಡಿಯ ತಪ್ಪಲು, ಅಂದರೆ ಈರುಳ್ಳಿಯ ಎಲೆ, ಇರದಿದ್ದರೆ ಅದು ಊಟವೇ ಅಲ್ಲ. ಅತ್ತೆ ದಿನಾ ಬೆಳಿಗ್ಗೆ ಗೋಡೆಗೆ ಬೆನ್ನು ಹಚ್ಚಿ, ಮುಂದೆ ಮರ ಇಟ್ಟುಕೊಂಡು ಕುಳಿತುಬಿಡುತ್ತಿದ್ದರು. ಮರ ಎಂದರೆ ಕಾಳು ಕೇರುವ ಬಿದಿರಿನ ಮೊರ. ಒಂದೊಂದೇ ದಂಟು ಎತ್ತಿ, ಎಲೆಯನ್ನು ಬೆರಳಲ್ಲಿ ಸವರಿ, ಬಲಿತದ್ದನ್ನು ಮುರಿದು ಎಸೆದು, ಎಳೆಯದನ್ನು ಮರಕ್ಕೆ ಹಾಕುತ್ತಿದ್ದರು. ನಾನು ಹತ್ತು ನಿಮಿಷದಲ್ಲಿ ಮುಗಿಸುವ ಕೆಲಸಕ್ಕೆ ಅವರಿಗೆ ಒಂದು ತಾಸು. ಆದರೂ ಅವರು ಸೋಸಿದ ಪಲ್ಯದಲ್ಲಿ ಒಂದು ಹುಲ್ಲುಕಡ್ಡಿ ಸಿಕ್ಕಿದ್ದಿಲ್ಲ.

ಎರಡು ವರ್ಷಗಳ ಹಿಂದೆ ಮಗಳು ಚೊಚ್ಚಲ ಹೆರಿಗೆಗೆಂದು ಲಕ್ಷ್ಮೇಶ್ವರದಿಂದ ಬಂದಿದ್ದಳು. ಏಳು ತಿಂಗಳು ತುಂಬಿತ್ತು, ಬಸುರಿಗೆ ಮಾಡುವ ಕುಬಸದ ಹಸಿರು ಬಳೆ ಇನ್ನೂ ಕೈತುಂಬ ಇದ್ದವು. ಅಂದು ಬಾಗಿಲಿಗೆ ಬುಟ್ಟಿ ಹೊತ್ತು ಬಂದವಳ ಹತ್ತಿರ ಎರಡು ಕಟ್ಟು ರಾಜಗಿರಿ ಕೊಂಡೆ. ಅತ್ತೆ ಸೋಸಿ ಮರ ಮುಂದಕ್ಕೆ ಸರಿಸಿದರು. ಮಗಳು "ಅವ್ವಾ, ಹಸಿವಿ ಆಗೈತಿ" ಎಂದು ಅಡುಗೆಮನೆಗೆ ಎರಡು ಸಲ ಬಂದು ಹೋದಳು. ಗಡಿಬಿಡಿಯಲ್ಲಿ ಈಳಿಗೆ ಹಿಡಿದು ಹೆಚ್ಚಿದೆ, ಬಳ್ಳೊಳ್ಳಿ ಒಗ್ಗರಣೆಗೆ ಹಾಕಿದೆ. ನನ್ನ ಗಂಡ ಮುಂಡರಗಿಗೆ ಮದುವೆಗೆ ಹೋಗಿದ್ದರು. ನಾನು, ಅತ್ತೆ ಇನ್ನೂ ಉಂಡಿರಲಿಲ್ಲ. ಮಗಳೊಬ್ಬಳೇ ಎರಡು ರೊಟ್ಟಿ ತಿಂದಳು.

ಸ್ವಲ್ಪ ಹೊತ್ತಿಗೆ ಬಾಯಿ ಒಣಗುತ್ತದೆ ಎಂದಳು. ಚೊಂಬು ನೀರು ಕುಡಿದರೂ ನಿಲ್ಲಲಿಲ್ಲ. ಆಮೇಲೆ ಮುಖ ಕೆಂಪೇರಿತು, ಮಾತು ತೊದಲಿತು, ಎದುರಿಗೆ ಏನೂ ಇಲ್ಲದಿದ್ದರೂ ಗಾಳಿಯಲ್ಲಿ ಕೈಯಾಡಿಸಿ ಏನನ್ನೋ ಹಿಡಿಯತೊಡಗಿದಳು. ಅಯ್ಯ ಶಿವನೇ, ಆ ಕೈ ಈಗಲೂ ನನ್ನ ಕಣ್ಣ ಮುಂದಿದೆ. ಎದುರು ಮನೆಯವರನ್ನು ಕೂಗಿ ಆಟೋ ಹಿಡಿದು ದವಾಖಾನೆಗೆ ಒಯ್ದೆವು. ಡಾಕ್ಟರು ಏನು ತಿಂದಿದ್ದಾಳೆ ಎಂದು ಕೇಳಿ, ಪಲ್ಯದಲ್ಲಿ ಉಳಿದದ್ದಿದ್ದರೆ ತನ್ನಿ ಎಂದರು. ಮನೆಗೆ ಓಡಿ ಬಂದೆ. ಈಳಿಗೆಯ ಬುಡದಲ್ಲಿ ಅರ್ಧ ಹೆಚ್ಚಿದ ಒಂದು ಎಲೆ ಬಿದ್ದಿತ್ತು. ಅಗಲವಾಗಿ, ಅಂಚು ಹರಿದ ಹಾಗಿದ್ದ ಎಲೆ, ರಾಜಗಿರಿಯದಲ್ಲ. ಮೂಸಿದೆ. ಮದ್ದಗುಣಕಿ. ಪುಸ್ತಕದಲ್ಲಿ ದತ್ತೂರಿ ಎಂದು ಬರೆಯುತ್ತಾರಲ್ಲ, ಅದು. ರಾಜಗಿರಿಯ ಜೊತೆಗೆ ಯಾವುದೋ ಹೊಲದ ಬದುವಿನಿಂದ ಕಿತ್ತು ಬಂದಿತ್ತು.

ಅತ್ತೆ ಗೋಡೆಗೆ ಬೆನ್ನು ಹಚ್ಚಿ ಅಲ್ಲೇ ಕುಳಿತಿದ್ದರು. "ಹೆಂಗದಾಳ?" ಎಂದು ಕೇಳಿದರು. ನಾನು ಆ ಎಲೆಯನ್ನು ಅವರ ಮಡಿಲಿಗೆ ಎಸೆದೆ.

"ಕಣ್ಣಂತೂ ಹೋಗ್ಯಾವು, ಕೈನೂ ಹೋಗ್ಯಾವೇನು ನಿಮ್ಮವು? ನನ್ನ ಮಗಳನ್ನ ತಿಂದ್ಬಿಡ್ತಿದ್ರಿ. ಇನ್ನ ಮ್ಯಾಲ ಅಡಗಿಮನಿಯಾಗ ಯಾವುದಕ್ಕೂ ಕೈ ಹಚ್ಚಬ್ಯಾಡ್ರಿ!"

ಅವರು ಎಲೆಯನ್ನು ಎತ್ತಿ ಮೂಸಿದರು. ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು. ಕೊನೆಗೆ "ಆತು" ಎಂದರು. ನಾನು ಎಲೆ ಕಸಿದುಕೊಂಡು ಮತ್ತೆ ದವಾಖಾನೆಗೆ ಓಡಿದೆ.

ಮೂರನೆಯ ದಿನ ಮಗಳು ಮೊದಲಿನಂತಾದಳು. ಹೊಟ್ಟೆಯಲ್ಲಿದ್ದ ಕೂಸಿಗೂ ಏನೂ ಆಗಿರಲಿಲ್ಲ. ಎರಡು ತಿಂಗಳಿಗೆ ಹೆಣ್ಣು ಹಡೆದಳು. ಆದರೆ ಅತ್ತೆ ನಾನಂದ ಮಾತನ್ನು ಅಕ್ಷರಶಃ ಪಾಲಿಸಿಬಿಟ್ಟರು. ಪಲ್ಯ ಕೇಳಲಿಲ್ಲ, ಮರ ಕೇಳಲಿಲ್ಲ. ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದು ನಮ್ಮ ಮನೆಯಲ್ಲಿ ಅವರ ಕೆಲಸ. ಮಗಳು ಕರೆದಾಗ "ನನ್ನ ಕೈ ಬ್ಯಾಡ ಯವ್ವಾ, ಕಣ್ಣಿಲ್ಲ" ಎಂದು ಒಳಕ್ಕೆ ಸರಿದರು. ಎರಡು ರೊಟ್ಟಿ ಉಣ್ಣುತ್ತಿದ್ದವರು ಒಂದಕ್ಕೆ ಬಂದರು, ಒಂದು ಅರ್ಧವಾಯಿತು. ಬೆಳಿಗ್ಗೆ ಅದೇ ಗೋಡೆಗೆ ಒರಗಿ ಕುಳಿತು ಸೀರೆಯ ಸೆರಗನ್ನು ದಂಟು ಮುರಿಯುವ ಹಾಗೆ ಚಿವುಟುತ್ತಿರುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ನಾನು ಅಡುಗೆಮನೆಗೆ ಸರಿದುಬಿಡುತ್ತಿದ್ದೆ. ಆದರೂ ಕ್ಷಮಿಸಿ ಎನ್ನಲಿಲ್ಲ. ಅಂದದ್ದು ಒರಟಾಯಿತು ನಿಜ, ತಪ್ಪಂತೂ ಅವರದೇ ತಾನೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಈ ವರ್ಷ ಆಷಾಢದಲ್ಲಿ ಮಗಳು ಒಂದು ದೊಡ್ಡ ಡಬ್ಬಿ ಕಳಿಸಿದಳು. ಒಳಗೆ ಕಬ್ಬಿಣದ ಸ್ಟ್ಯಾಂಡು, ಐದು ಉದ್ದನೆಯ ಹಸಿರು ಟ್ರೇ. ಜೋಡಿಸಿದರೆ ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ನಿಲ್ಲುತ್ತವೆ. ಫೋನಿನಲ್ಲಿ ಹೇಳಿದಳು, "ಅವ್ವಾ, ಇದು ನಿನಗಲ್ಲ, ಆಯಿಗೆ." ಅಜ್ಜಿಯನ್ನು ಅವಳು ಆಯಿ ಎನ್ನುತ್ತಾಳೆ. "ಆಯಿ ಬಗ್ಗೂ ಹಂಗಿಲ್ಲ, ಏಳೂ ಹಂಗಿಲ್ಲ. ಕುರ್ಚಿ ಮ್ಯಾಲ ಕುಂತ ಕಿತ್ಕೊಳ್ಳಿ. ಏನ ಹಾಕಬೇಕು ಅಂತ ಆಯಿನ್ನ ಕೇಳು. ನಿನ್ನ ಶ್ಯಾಣ್ಯಾತನ ಬ್ಯಾಡ."

ವಿಷ ಉಂಡವಳು ಅವಳು. ಅವಳಿಗಿದ್ದ ದೊಡ್ಡ ಮನಸ್ಸು ನನಗಿರಲಿಲ್ಲ. ಫೋನಿಟ್ಟ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡೆ. ಆ ಮುದುಕಿ ಕೈ ಕಟ್ಟಿಕೊಂಡೇ ಹೋಗಿಬಿಟ್ಟರೆ ಅದು ನನ್ನ ಬಾಯಿಂದಲೇ ಆದದ್ದು ಎನ್ನುವುದು ಅಂದು ನನಗೆ ಪೂರ್ತಿ ಅರ್ಥವಾಯಿತು.

ಶ್ಯಾಣ್ಯಾತನ ಬೇಡ ಎಂದರೂ ಮೊದಲು ಅದನ್ನೇ ಮಾಡಿದೆ. ನಮ್ಮದು ಎರೆ ಹೊಲ. ಕಪ್ಪು ಎರೆಮಣ್ಣಿನ ಮೇಲೆ ನಮ್ಮ ಮನೆತನದವರಿಗೆ ಎಂಥ ಗರ್ವವೆಂದರೆ, ಹೆಣ್ಣು ಕೊಡುವಾಗಲೂ ಹೊಲ ಎರೆಯೋ ಮಸಾರಿಯೋ ಎಂದು ಕೇಳುತ್ತೇವೆ. ಮಸಾರಿ ಎಂದರೆ ಕೆಂಪು ಮಣ್ಣು. ಎದುರು ಮನೆಯಾಕೆ ಕಪ್ಪತಗುಡ್ಡದ ಬುಡದ ಡೋಣಿಯವಳು. "ನಿಮ್ಮೂರ ಮಣ್ಣಿನಾಗ ಕಲ್ಲ ಬೆಳೀತಾವು" ಎಂದು ಅವಳನ್ನು ಎಷ್ಟೋ ಸಲ ಕಾಡಿಸಿದ್ದೆ. ಗಂಡನನ್ನು ಅಟ್ಟಿ ಬಾಳೆಹೊಸೂರಿನಿಂದ ಎರಡು ಚೀಲ ಎರೆಮಣ್ಣು ತರಿಸಿ ಐದೂ ಟ್ರೇಗೆ ತುಂಬಿದೆ. ಗದಗಿನ ಪೇಟೆಯಲ್ಲಿ ಬೀಜ ತಂದು ಬಿತ್ತಿದೆ. ನೀರು ಹಾಕಿದರೆ ಮೇಲೆ ಕೆರೆಯಂತೆ ನಿಂತಿತು, ಇಳಿಯಲಿಲ್ಲ. ನಾಲ್ಕು ದಿನ ಗಾಳಿ ಬೀಸಿದ್ದೇ ಒಣಗಿ ಬಿರುಕು ಬಿಟ್ಟು ಹೆಂಚಿನಷ್ಟು ಗಟ್ಟಿಯಾಯಿತು. ಹುಟ್ಟಿದ ಮೆಂತೆ ಹಳದಿಯಾಗಿ ಮಲಗಿತು.

ತಲೆ ಕೆಟ್ಟಿತು. ಸೀದಾ ಬೀಜದಂಗಡಿಗೆ ಹೋಗಿ, ನಾಲ್ಕು ಮಂದಿಯ ಎದುರಿಗೆ, "ಹುಸಿ ಬೀಜ ಮಾರ್ತೀರೇನ್ರಿ?" ಎಂದು ಏರಿಹೋದೆ. ಅವನು ಪಾಪ, ಸಾವಧಾನವಾಗಿ "ಅಕ್ಕಾರ, ಮಣ್ಣು ಯಾವುದು ಹಾಕೀರಿ?" ಎಂದು ಕೇಳಿದ. ಹೇಳಿದೆ. "ಹೊಲದಾಗ ಎರಿಗೆ ಆಳ ಐತಿ, ಅದು ಬಿರತೈತಿ, ಉಸಿರಾಡತೈತಿ. ಒಂದ ಗೇಣ ಡಬ್ಬಿಯಾಗ ಏನ ಮಾಡ್ಬೇಕ್ರಿ ಅದು? ಮಸಾರಿ ಎರಡ ಪಾಲು, ಎರಿ ಒಂದ ಪಾಲು, ಒಂದ ಪಾಲು ಗೊಬ್ಬರ ಕಲಸ್ರಿ" ಎಂದ. ಸುತ್ತ ನಿಂತವರು ನಕ್ಕರು. ಮುಖ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

ಮನೆಗೆ ಬಂದು ಹೇಳಿದರೆ ಅತ್ತೆ ಎಷ್ಟೋ ದಿನಗಳ ಮೇಲೆ ಸಣ್ಣಗೆ ನಕ್ಕರು. "ಬೀಜದವನ ಕಡೆ ಜಗಳ ತಗದ ಬಂದಿ ಹೌದಿಲ್ಲೋ?" ಎಂದರು. ನಾನು ಡೋಣಿಯಾಕೆಯ ಬಾಗಿಲಿಗೆ ಹೋಗಿ ಮಣ್ಣು ಕೇಳಬೇಕಾಯಿತು. ಅವಳು ಬಿಡುತ್ತಾಳೆಯೇ? "ಕಲ್ಲ ಬೆಳ್ಯೂ ಮಣ್ಣ ನಿಮಗ್ಯಾಕ್ರೀ?" ಎಂದು ಹತ್ತು ಸಲ ಅಂದು, ಅವರಣ್ಣ ಸಂತೆಗೆ ಬರುವಾಗ ಚೀಲ ತುಂಬಿಸಿ ತರಿಸಿಕೊಟ್ಟಳು.

ಈ ಸಲ ಅತ್ತೆಯನ್ನು ಕೇಳಿಯೇ ಹಾಕಿದೆ. ಮನೆಯ ಮುಂದಿನ ಕಟ್ಟೆಯ ಬದಿಗೆ, ಮಧ್ಯಾಹ್ನದವರೆಗೆ ಬಿಸಿಲು ಬೀಳುವಲ್ಲಿ ಸ್ಟ್ಯಾಂಡು ನಿಲ್ಲಿಸಿ, ಎದುರಿಗೆ ಅವರ ಕುರ್ಚಿ ಇಟ್ಟೆ. ಅವರು ಮೊದಲು ಕೈಚಾಚಿ ಟ್ರೇಗಳನ್ನು ಒಂದೊಂದಾಗಿ ತಡವಿ ನೋಡಿದರು. ಕೆಳಗಿನದು ಕೈಗೆ ಎಟುಕಲಿಲ್ಲ.

"ಕೆಳಗಿಂದಕ್ಕ ಪುಂಡಿ ಹಾಕು" ಎಂದರು.

"ನಿಮಗ ಎಟಕೂದಿಲ್ಲಲ್ರೀ ಅತ್ತಿ, ಮ್ಯಾಲ ಹಾಕೋಣು."

"ಪುಂಡಿ ಎದ್ದ ನಿಂದರ್ತೈತಿ. ಅದ ನನ್ನ ಕೈಗೆ ಬರ್ತೈತಿ, ನಾ ಅದರ ಕಡೆ ಹೋಗೂದ ಬ್ಯಾಡ. ಮ್ಯಾಲ ಹಾಕಿದ್ರ ಈ ಗಾಳಿ ಮುರದ ಒಗೀತೈತಿ."

ಹೌದಲ್ಲ ಎನಿಸಿತು. ಎಲ್ಲಕ್ಕಿಂತ ಮೇಲಿನದಕ್ಕೆ ಉಳ್ಳಾಗಡ್ಡಿ ಎಂದರು. ಅದರ ತಪ್ಪಲು ಟೊಳ್ಳು, ಗಾಳಿ ಬಂದರೆ ಬಾಗಿ ಎದ್ದು ನಿಲ್ಲುತ್ತದೆ, ಬಿಸಿಲನ್ನೂ ತಡೆದುಕೊಳ್ಳುತ್ತದೆ. ಅದರ ಕೆಳಗೆ ಮೆಂತೆ. ಇಪ್ಪತ್ತು ದಿನಕ್ಕೆ ಕೈಗೆ ಬರುವುದು, ಮೂರು ಎಲೆಯ ಗುರುತು ಬೆರಳಿಗೇ ಸಿಗುವುದು. ಪುಂಡಿಯ ಮೇಲಿನದಕ್ಕೆ ಕೊತ್ತಂಬರಿ, ಅದರ ಒಂದು ಮೂಲೆಗೆ ಸಬ್ಬಸಗಿ. ಎರಡನ್ನೂ ಒಟ್ಟಿಗೆ ಹಾಕಿದರೆ ನಿಮಗೆ ಗೊಂದಲವಾಗುವುದಿಲ್ಲವೇ ಎಂದೆ. "ಒಂದ ಮೆತ್ತಗ, ಒಂದ ಎಳಿ ಎಳಿ. ಮೂಗಂತೂ ಐತೆಲ್ಲ" ಎಂದರು. ಕೊನೆಗೆ ಉಳಿದದ್ದು ನಡುವಿನ ಟ್ರೇ. ಕುರ್ಚಿಯಲ್ಲಿ ಕುಳಿತರೆ ಸರಿಯಾಗಿ ಅವರ ಮಡಿಲಿನ ಎತ್ತರಕ್ಕೆ ಬರುವುದು ಅದೊಂದೇ.

"ಇದಕ್ಕ ರಾಜಗಿರಿ" ಎಂದರು ಅತ್ತೆ.

ಮಣ್ಣು ಕೆದಕುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಆ ದಿನದಿಂದ ರಾಜಗಿರಿ ನಮ್ಮ ಹೊಸ್ತಿಲು ದಾಟಿರಲಿಲ್ಲ. ಪೇಟೆಯಲ್ಲಿ ಅದರ ಕಟ್ಟು ಕಂಡರೂ ನಾನು ಮುಖ ತಿರುಗಿಸುತ್ತಿದ್ದೆ. "ಆ ಹೆಸರ ಎತ್ತಬ್ಯಾಡ್ರಿ ಅತ್ತಿ" ಎಂದೆ. "ಹಂಗಾರ ಖಾಲಿ ಬಿಡು" ಎಂದರು. ಖಾಲಿಯೇ ಬಿಟ್ಟೆ.

ಇಪ್ಪತ್ತು ದಿನಕ್ಕೆ ಮೆಂತೆ ಬಂತು. ಅತ್ತೆ ಬೆಳಿಗ್ಗೆ ತಾವಾಗಿ ಗೋಡೆ ಹಿಡಿದು ಕಟ್ಟೆಗೆ ಬರತೊಡಗಿದರು. ಕಿತ್ತರು, ಮಡಿಲಲ್ಲಿ ಮರ ಇಟ್ಟುಕೊಂಡು ಸೋಸಿದರು, ಅರ್ಧ ರೊಟ್ಟಿಯಿಂದ ಒಂದಕ್ಕೆ ಬಂದರು. ನನಗೆ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅವರು ಸೋಸಿಕೊಟ್ಟ ಮರವನ್ನು ಅಡುಗೆಮನೆಗೆ ಒಯ್ದು, ಬಾಗಿಲ ಮರೆಗೆ ನಿಂತು, ಒಂದೊಂದು ಎಲೆಯನ್ನೂ ನಾನು ಮತ್ತೊಮ್ಮೆ ನೋಡುತ್ತಿದ್ದೆ. ಒಂದು ದಿನವೂ ಬಿಡಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ ಅತ್ತೆಗೆ ನೆಗಡಿಯಾಗಿತ್ತು. ನಾನೇ ಮೆಂತೆ ಕಿತ್ತು ಮರದಲ್ಲಿ ಹಾಕಿ ಅವರ ಮುಂದಿಟ್ಟು, ಪಕ್ಕದಲ್ಲಿ ಕುಳಿತು ಬಳ್ಳೊಳ್ಳಿ ಸುಲಿಯುತ್ತಿದ್ದೆ. ಸೋಸುತ್ತ ಸೋಸುತ್ತ ಅವರ ಬೆರಳು ಒಂದು ಕಡೆ ನಿಂತಿತು. ಉಗುರಿನಷ್ಟು ಎಲೆಯೊಂದನ್ನು ಎತ್ತಿ, ತಿಕ್ಕಿ ಮೂಸಿ, ನೆಲಕ್ಕೆ ಹಾಕಿದರು. "ಇದು ಮೆಂತೆ ಅಲ್ಲ. ಡೋಣಿ ಮಣ್ಣಿನಾಗ ಬಂದ ಕಸ" ಎಂದರು. ಎತ್ತಿ ನೋಡಿದೆ. ಹೌದು. ಎರಡು ಕಣ್ಣಿದ್ದು ನಾನು ಕಿತ್ತು ಹಾಕಿದ್ದೆ, ಮೂಗು ಕಟ್ಟಿದ್ದರೂ ಅವರು ಹಿಡಿದಿದ್ದರು.

ಮೆಚ್ಚಬೇಕಿತ್ತು. ಆದರೆ ನನ್ನ ನಾಲಿಗೆಗೆ ಹಳೆಯದೇ ಬಂತು. "ಇಷ್ಟ ಸಣ್ಣ ಎಲಿ ತಿಳೀತೈತಿ ನಿಮಗ. ಹಂಗಾರ ಅವತ್ತ ಮದ್ದಗುಣಕಿ ಹೆಂಗ ತಿಳೀಲಿಲ್ಲ?"

ಅತ್ತೆಯ ಕೈ ಮರದ ಮೇಲೆ ನಿಂತಿತು. "ಅದು ನನ್ನ ಕೈಯಾಗ ಬರ್ಲೇ ಇಲ್ಲವ್ವ" ಎಂದರು.

"ಅಂದ್ರ?"

"ನಾ ಸೋಸಿದ್ದು ಒಂದ ಮರ. ಹೆಚ್ಚೂ ಮುಂದ ನೀ, 'ಬೆಂದ್ರ ಇದು ಒಂದ ಹಿಡಿ ಆಗೂದಿಲ್ಲ' ಅಂದಿ. ಚೀಲದಾಗ ಉಳಿದಿದ್ದು ತಗದ ಹಂಗ ಹೆಚ್ಚಿದಿ. ಪ್ಲಾಸ್ಟಿಕ್ ಚೀಲದ ಸಪ್ಪಳ ನನಗ ಕೇಳ್ತು."

ಆ ಮಾತು ಕೇಳಿದೊಡನೆ ಆ ಚೀಲವೇ ನನ್ನ ಕೈಗೆ ಬಂದಂತಾಯಿತು. ತೆಳ್ಳನೆಯ ಬಿಳಿ ಚೀಲ. ತಳದಲ್ಲಿ ಉಳಿದಿದ್ದ ಒಂದು ಹಿಡಿ. ಮಗಳು ಎರಡನೆಯ ಸಲ ಬಂದು ಹಸಿವೆ ಎಂದದ್ದು. ಯಾರು ಇನ್ನೊಂದು ತಾಸು ಸೋಸುತ್ತ ಕೂಡುತ್ತಾರೆಂದು ಹಿಡಿಯನ್ನು ಹಾಗೇ ಈಳಿಗೆಗೆ ಒಡ್ಡಿದ್ದು. ಎರಡು ವರ್ಷ ಅದು ನನ್ನ ನೆನಪಿನಲ್ಲಿ ಇರಲೇ ಇಲ್ಲ. ನಾನೇ ಇಟ್ಟುಕೊಂಡಿರಲಿಲ್ಲವೋ ಏನೋ, ಈಗ ಹೇಳಲಾರೆ. ಈಳಿಗೆಯ ಬುಡದಲ್ಲಿ ಬಿದ್ದಿದ್ದ ಎಲೆ ಹೆಚ್ಚಿದ್ದು ನನ್ನದೇ ಕೈ. ಅಷ್ಟಾದರೂ ಹೊಳೆಯಬೇಕಿತ್ತು.

"ಯಾಕ ಹೇಳ್ಲಿಲ್ರೀ?" ಎಂದೆ.

"ಎಲ್ಲಿ ಹೇಳ್ಲಿ? ಮಗಳು ದವಾಖಾನಿಯಾಗ ಬಿದ್ದಿದ್ಲು. ಅಕಿ ಹೊಟ್ಟ್ಯಾಗ ಕೂಸು. ಏನಾಗ್ತೈತೋ ಯಾರಿಗೂ ಗೊತ್ತಿರ್ಲಿಲ್ಲ. ಏನರೆ ಹೆಚ್ಚುಕಮ್ಮಿ ಆಗಿ, ಹಡದಾಕಿ ಕೈಯಿಂದ ಆತು ಅಂತ ನಿನಗ ತಿಳದಿದ್ರ, ನೀ ಬಾವಿ ನೋಡ್ತಿದ್ದಿ. ನಿನ್ನ ಸಿಟ್ಟ ನನಗ ಗೊತ್ತಿಲ್ಲೇನು? ನಾನರೆ ಮುದುಕಿ, ಕಣ್ಣಿಲ್ಲದಾಕಿ. ನನ್ನ ಮ್ಯಾಲ ಬಂದ್ರ ಎಲ್ಲಾರೂ ಎರಡ ದಿನ ಅಂದು ಸುಮ್ಮನಾಗ್ತಾರ ಅಂತ ನಾನೂ ಸುಮ್ಮನಾದೆ."

"ಕೂಸು ಹುಟ್ಟಿ ಚಲೋ ಆದ ಮ್ಯಾಲರೆ..."

"ನೀ ಕೇಳ್ಲಿಲ್ಲ" ಎಂದರು. ಆಮೇಲೆ ಮೆಲ್ಲಗೆ, "ಖರೆ ಹೇಳ್ತೀನಿ, ಕೈ ಕಟ್ಕೊಂಡ ಕುಂಡ್ರೂದು ಭಾಳ ತ್ರಾಸಾತು ನನಗ. ಕೂಸಿಗೆ ಒಂದ ಸಲ ಎಣ್ಣಿ ಹಚ್ಚಬೇಕಂತ ಭಾಳ ಆಸೆ ಇತ್ತು. ಈಗೂ ನೀ ಬಾಗಲ ಹಿಂದ ನಿಂತ ಮತ್ತೊಮ್ಮೆ ಸೋಸ್ತಿ. ಅದೂ ಕೇಳ್ತೈತಿ" ಎಂದರು.

ನಾನು ಅವರ ಕಾಲ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಎದುರು ಮನೆಯವಳು ಹೊರಗೆ ಬಂದು ನೋಡಿ ಒಳಗೆ ಹೋದಳು, ನೋಡಲಿ ಎನಿಸಿತು. ಅತ್ತೆ ನನ್ನ ಬೆನ್ನ ಮೇಲೆ ಕೈಯಿಟ್ಟಿದ್ದರು. ಆ ಕೈಗೆ ಮೆಂತೆಯ ವಾಸನೆ ಹತ್ತಿತ್ತು.

ಅಂದು ಸಂಜೆಯೇ ಗದಗಿಗೆ ಹೋಗಿ ಅದೇ ಅಂಗಡಿಯಲ್ಲಿ ರಾಜಗಿರಿ ಬೀಜ ತಂದೆ. "ಅವತ್ತ ನಂದ ತಪ್ಪಾತ್ರಿ" ಎಂದು ಅಂಗಡಿಯವನಿಗೂ ಹೇಳಿದೆ. ಅವನು ಗಾಬರಿಯಾಗಿ "ಇರ್ಲಿ ಬಿಡ್ರಿ ಅಕ್ಕಾರ" ಎಂದ. ಬೀಜ ರವೆಗಿಂತ ಸಣ್ಣವು. ಮರಳು ಬೆರೆಸಿ ಅತ್ತೆಯ ಮುಷ್ಟಿಗೆ ಕೊಟ್ಟೆ. ನಡುವಿನ ಟ್ರೇಗೆ ಅವರೇ ಉದುರಿಸಿದರು.

ಒಂದು ತಿಂಗಳಿಗೆ ಎಲೆ ಅಗಲವಾದವು. ಮಗಳಿಗೆ ಫೋನು ಮಾಡಿ, ಕೂಸನ್ನು ಕರೆದುಕೊಂಡು ಬಾ ಎಂದೆ. ಕಾರಣ ಹೇಳಲಿಲ್ಲ. ಫೋನಿನಲ್ಲಿ ಹೇಳಿ ಮುಗಿಸುವುದು ಹೇಡಿತನವಾಗುತ್ತಿತ್ತು.

ಅವರು ಬಂದ ದಿನ ಅತ್ತೆ ಕುರ್ಚಿಯಲ್ಲಿ ಕುಳಿತು ರಾಜಗಿರಿ ಕಿತ್ತರು, ಸೋಸಿದರು. ನಾನು ಮರ ತೆಗೆದುಕೊಂಡು ಸೀದಾ ಈಳಿಗೆಯ ಮುಂದೆ ಕುಳಿತೆ. ಮೊದಲ ಹಿಡಿ ಹೆಚ್ಚುವಾಗ ಕಣ್ಣು ತಾನಾಗಿಯೇ ಎಲೆಯ ಕಡೆ ಹೋಯಿತು. ಕಿಟಕಿಯ ಕಡೆ ಮುಖ ಮಾಡಿ ಹೆಚ್ಚಿದೆ. ಬೆರಳಿಗೆ ಒಂದು ಸಣ್ಣ ಗಾಯವೂ ಆಯಿತು.

ಊಟಕ್ಕೆ ಎಲ್ಲರೂ ಕುಳಿತರು. ನಾನು ಪಲ್ಯದ ಬೋಗುಣಿ ಹಿಡಿದು ನಿಂತೇ ಇದ್ದೆ. "ಉಣ್ಣೂಕಿಂತ ಮೊದಲ ಒಂದ ಮಾತ ಐತಿ" ಎಂದು ಶುರು ಮಾಡಿ, ಚೀಲದ್ದು, ಹಿಡಿಯದ್ದು, ಗಡಿಬಿಡಿಯದ್ದು ಎಲ್ಲ ಹೇಳಿದೆ. "ನಿನಗ ವಿಷ ಹಾಕಿದಾಕಿ ನಾನು. ಆಯಿ ಅಲ್ಲ" ಎಂದೆ. ಯಾವಾಗಲೂ "ನಂದ ತಪ್ಪ" ಎನ್ನುವ ನನ್ನ ಗಂಡ ಅಂದು ತಾಯಿಯ ಮುಖವನ್ನೇ ನೋಡುತ್ತ ಕುಳಿತುಬಿಟ್ಟರು. ಮಗಳು ನನ್ನ ಕಡೆ ನೋಡಲಿಲ್ಲ. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಸಾಕ ಬಿಡ್ರಿ ಇನ್ನ. ರೊಟ್ಟಿ ಆರಿ ಹೋಗ್ತಾವು" ಎಂದರು ಅತ್ತೆ.

ಮಗಳು ಎದ್ದು ಪಲ್ಯದ ಬೋಗುಣಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಅಜ್ಜಿಯ ಮುಂದಿಟ್ಟಳು. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು, ತನ್ನ ತಟ್ಟೆಯನ್ನು ಅತ್ತ ಸರಿಸಿದಳು.

"ಆಯಿ, ನೀನ ನೀಡು. ಇಬ್ಬರಿಗೂ."

ಅತ್ತೆ ಒಂದು ಚಮಚ ಪಲ್ಯ ಎತ್ತಿದರು. ಎಡಗೈ ಮುಂದೆ ಚಾಚಿ, ತಟ್ಟೆಯ ಅಂಚು ಎಲ್ಲಿದೆಯೆಂದು ನೆಲದ ಮೇಲೆ ಹುಡುಕಿದರು. ನನ್ನ ಕೈ ಮುಂದೆ ಹೋಗಿತ್ತು, ಹಿಂದಕ್ಕೆ ತೆಗೆದುಕೊಂಡೆ. ತಟ್ಟೆ ಅವರಿಗೇ ಸಿಕ್ಕಿತು.